ತೂಕದಣ್ಣ ಇಳಿದ ದಿನ

ಕೆಳಗಿನ ಹಲಗೆ ಎಳೆದರು. ಪೆಟ್ಟಿಗೆ ಮಾತ್ರ ಗುಂಡಿಯ ಮೇಲೆ ಹಾಗೇ ನೇತಾಡುತ್ತ ನಿಂತುಬಿಟ್ಟಿತು.

“ಇಳೀತಾನೇ ಇಲ್ವಲ್ಲೋ!” ಎಂದ ರಂಗಮಂದಿರದ ಮೇಸ್ತ್ರಿ.

ಫಾದರ್ ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಸ್ಮಶಾನದ ಆಳುಗಳು ಕಿಸಕ್ಕನೆ ನಕ್ಕರು. ಅವರಿಗೆ ಬೆಳಗಿನಿಂದಲೂ ಸಿಟ್ಟು. ಯಾರ ಪೆಟ್ಟಿಗೆಯಾದರೂ ಹಗ್ಗ ಹಿಡಿದು ಧಡಕ್ಕನೆ ಇಳಿಸುವವರು ಅವರು. ಇವತ್ತು ರಂಗಮಂದಿರದವರು ಬಂದು, ಗುಂಡಿಯ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ಎರಡು ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ ಪೆಟ್ಟಿಗೆ, ಇನ್ನೊಂದು ತುದಿಗೆ ಮರಳಿನ ಮೂಟೆಗಳನ್ನು ಬಿಗಿದಿದ್ದರು. ಸತ್ತವನ ಆಸೆ ಅದು. “ನನ್ನನ್ನ ಇಳಿಸೋವಾಗ ಜರ್ಕ್ ಹೊಡೀಬಾರದು,” ಎಂದು ಹೆಂಡತಿಯಿಂದ ಭಾಷೆ ತೆಗೆದುಕೊಂಡೇ ಕಣ್ಣು ಮುಚ್ಚಿದ್ದ.

“ಮೇಲೆ ಹತ್ತಿ ಒಂದ್ಸಲ ತುಳಿದ್ರೆ ಇಳಿಯುತ್ತೆ ಬಿಡಿ,” ಎಂದ ಗುಂಡಿ ತೋಡಿದವನು.

“ಮುಟ್ಟಿ ನೋಡು, ಮುಂದಿನ ಗುಂಡಿ ನಿಂದೇ!” ಎಂದಳು ಹೆಂಡತಿ.

*

ಆ ರಂಗಮಂದಿರದಲ್ಲಿ ಹನ್ನೊಂದು ವರ್ಷ ಒಂದು ಒಪೆರಾ ನಡೆಯಿತು. ಮಾತಿಲ್ಲದೆ, ಪೂರ್ತಿ ಹಾಡಿನಲ್ಲೇ ಸಾಗುವ ನಾಟಕ. ಆಸ್ಪತ್ರೆಯ ಬಟ್ಟೆ ಒಗೆಯುತ್ತ ಬದುಕು ಸವೆಸಿದ ಒಬ್ಬ ಕ್ಯಾಥೊಲಿಕ್ ಸಂತಳ ಕತೆ. ಸಂಗೀತ ಹೊಸ ಕಾಲದ್ದು. ಅಟ್ಟದಿಂದ ಪಾತ್ರೆ ಉರುಳಿದ ಹಾಗಿದೆ ಎಂದು ಮೂಗು ಮುರಿದವರೇ ಕೊನೆಯ ದೃಶ್ಯಕ್ಕೆ ಕರ್ಚೀಫು ಹುಡುಕುತ್ತಿದ್ದರು. ಅಲ್ಲಿ ಸಂತಳು ಬಕೆಟ್ಟು ಕೆಳಗಿಟ್ಟು, ಹಾಡುತ್ತಲೇ ನೆಲ ಬಿಟ್ಟು ಮೇಲೇರುತ್ತಾಳೆ.

ಏರಿಸಲು ಮೊದಲು ಮೋಟರು ತಂದಿದ್ದರು. ಅದು ಜಗ್ಗಿ ಜಗ್ಗಿ ಎಳೆಯಿತು. “ಸಂತರು ಲಿಫ್ಟಲ್ಲಿ ಹೋಗ್ತಾರೇನ್ರೀ?” ಎಂದು ಕೇಳಿ, ಆಗ ಪರದೆ ಎಳೆಯುವ ಕೆಲಸದಲ್ಲಿದ್ದ, ಈಗ ಪೆಟ್ಟಿಗೆಯಲ್ಲಿ ಮಲಗಿರುವ ಇವನು ಹಗ್ಗದ ಇನ್ನೊಂದು ತುದಿಗೆ ತಾನೇ ಜೋತುಬಿದ್ದ. ಸಂತಳ ಪಾತ್ರದ ಗಾಯಕಿ ಹಿಮ್ಮಡಿಯಿಂದ ಎರಡು ಸಲ ನೆಲ ಕುಟ್ಟಿದರೆ ಸಿದ್ಧ ಎಂದರ್ಥ. ಇವನು ರಂಗದ ಕೆಳಗಿನ ಕತ್ತಲೆಗೆ ಇಳಿಯುತ್ತಿದ್ದ, ಅವಳು ಬೆಳಕಿಗೆ ಏರುತ್ತಿದ್ದಳು. ಇವನ ತೂಕ ಅವಳಿಗಿಂತ ಎರಡೇ ಕೆಜಿ ಹೆಚ್ಚಿರಬೇಕು. ಕಡಿಮೆಯಾದರೆ ಕದಲುವುದಿಲ್ಲ, ಹೆಚ್ಚಾದರೆ ಜರ್ಕು. ಹಾಗೆ ಅವನು ಎಲ್ಲರ ಬಾಯಲ್ಲೂ ತೂಕದಣ್ಣನಾದ.

ಗಾಯಕಿ ದಿನಾ ತನ್ನ ತೂಕವನ್ನು ಅವನೊಬ್ಬನ ಕಿವಿಯಲ್ಲಿ ಹೇಳುತ್ತಿದ್ದಳು. ಅವನು ಹೆಂಡತಿಯ ಮುಂದೂ ಬಾಯಿ ಬಿಡಲಿಲ್ಲ. “ಇವತ್ತು ಬೆಣ್ಣೆ ಜಾಸ್ತಿ ಹಾಕೇ,” ಎನ್ನುತ್ತಿದ್ದ, ಅಷ್ಟೇ.

“ಅವಳು ತಿಂದಿದ್ದಕ್ಕೆ ನಾನು ಒಲೆ ಮುಂದೆ ನಿಲ್ಲಬೇಕು, ನನ್ನ ಹಣೆಬರಹ!” ಎಂದು ಗೊಣಗುತ್ತಲೇ ಅವಳು ಬಡಿಸುತ್ತಿದ್ದಳು.

ಆಟ ಮುಗಿದ ಮೇಲೆ ಅವನದು ಒಂದೇ ಪ್ರಶ್ನೆ. ಕೆಳಗೆ ಇಳಿಯುವವನು ಒಂದು ದಿನವೂ ಆ ದೃಶ್ಯ ನೋಡಿರಲಿಲ್ಲ. “ಹೇಗೆ ಹೋದ್ಲೇ?” ಗ್ಯಾಲರಿಯಲ್ಲಿ ಕೂತು ನೋಡಿದ ಹೆಂಡತಿ ಹೇಳಬೇಕು.

“ಹೋದ್ಲು ಕಣ್ರೀ. ಒಂಚೂರೂ ಜರ್ಕ್ ಇಲ್ಲ.”

ಆಗ ಅವನ ಮುಖ ನೋಡಬೇಕಿತ್ತು.

*

“ಇವರ ತೂಕ ಎಷ್ಟು ಅಂತ ಮೂಟೆ ಕಟ್ಟಿದ್ರಿ?” ಹೆಂಡತಿ ಮೇಸ್ತ್ರಿಯನ್ನು ಕೇಳಿದಳು.

“ರಂಗದ ಹಿಂದಿನ ಗೋಡೆ ಮೇಲೆ ಅವನೇ ಬರೆದಿಟ್ಟಿದ್ದ, ಅಕ್ಕ. ಎಂಬತ್ತೆಂಟು. ಅದಕ್ಕೆ ಪೆಟ್ಟಿಗೆದು ಸೇರಿಸಿ, ಎರಡು ಕಳೆದು, ನೂರಾ ಹದಿನಾರು ಕೆಜಿ ಮರಳು ಕಟ್ಟಿದ್ವಿ.”

“ಅಯ್ಯೋ ದೇವರೇ! ಐದು ತಿಂಗಳು ಹಾಸಿಗೆ ಹಿಡಿದವರು ಎಂಬತ್ತೆಂಟು ಇರ್ತಾರಾ? ಹೋದ ವಾರ ನಾನೇ ಹಿಡಿದು ನಿಲ್ಲಿಸಿ ನೋಡಿದೀನಿ. ಐವತ್ತೊಂಬತ್ತು.” ಅವಳು ಪೆಟ್ಟಿಗೆಯ ಕಡೆ ತಿರುಗಿದಳು. “ನಾನು ಹಾಕಿದ ಬೆಣ್ಣೆಯೆಲ್ಲ ಎಲ್ಲಿಗೆ ಹೋಯ್ತೋ.”

ಮೇಸ್ತ್ರಿ ಬೆರಳು ಮಡಿಸಿದ. ಪೆಟ್ಟಿಗೆ ಮೂವತ್ತು, ಸೇರಿದರೆ ಎಂಬತ್ತೊಂಬತ್ತು. “ಎರಡು ಕೆಜಿ ಕಳೆದು ಎಂಬತ್ತೇಳು ಬೇಕು. ಒಂದು ಮೂಟೆ ತೆಗೆದ್ರೆ ಸಾಲಲ್ಲ, ಎರಡು ತೆಗೆದ್ರೆ ದಬಕ್ಕಂತ ಬೀಳ್ತಾನೆ. ಮರಳು ಬಿಚ್ಚಿ ತೂಗೋಕೆ ಇಲ್ಲಿ ತಕ್ಕಡಿ ಎಲ್ಲಿದೆ?”

ಹಿಂದೆ ಕಪ್ಪು ಕನ್ನಡಕ ಹಾಕಿ ನಿಂತಿದ್ದ ಗಾಯಕಿ ಕೆಮ್ಮಿದಳು. ಹಾಡು ಬಿಟ್ಟು ಆರು ವರ್ಷವಾಗಿತ್ತು. ಪತ್ರಿಕೆಯವರು ವಯಸ್ಸು ಕೇಳಿದರೆ ಹೇಳುತ್ತಿದ್ದಳು, ತೂಕ ಕೇಳಿದವರಿಗೆ ಬಾಗಿಲು ತೋರಿಸುತ್ತಿದ್ದಳು.

“ಎಂಬತ್ತೈದು,” ಎಂದಳು, ಇಡೀ ಸ್ಮಶಾನಕ್ಕೆ ಕೇಳುವ ಹಾಗೆ. “ಕೋಟು, ಬೂಟು ಬಿಟ್ಟು.”

ಎಲ್ಲರೂ ತಿರುಗಿ ನೋಡಿದರು. ಹೆಂಡತಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಕೋಟು ಬೂಟು ಎರಡು ಕೆಜಿ. ಸರಿಹೋಯ್ತು. ಹನ್ನೊಂದು ವರ್ಷ ನಿಮ್ಮ ತೂಕಕ್ಕೇ ಅಡುಗೆ ಮಾಡಿದೀನಿ ಮೇಡಂ, ನನ್ನ ಕಣ್ಣು ತಪ್ಪಲ್ಲ. ಬನ್ನಿ.”

ಪೆಟ್ಟಿಗೆಯನ್ನು ನಾಲ್ವರು ಹಿಡಿದುಕೊಂಡರು. ಮೂಟೆಗಳನ್ನೆಲ್ಲ ಬಿಚ್ಚಿ, ಗಾಯಕಿಯ ಸೊಂಟಕ್ಕೆ ಪಟ್ಟಿ ಬಿಗಿದರು. ಹೆಂಡತಿ ತಾನೇ ಗಂಟನ್ನು ಎಳೆದು ನೋಡಿದಳು. ಗಾಯಕಿ ಹಲಗೆಯ ಮೇಲೆ ನಿಂತು ಹಿಮ್ಮಡಿಯಿಂದ ಕುಟ್ಟಿದಳು. ಒಂದು, ಎರಡು.

ನಾಲ್ವರೂ ಕೈಬಿಟ್ಟರು. ಫಾದರ್ ನಿಲ್ಲಿಸಿದ ಮಾತಿನಿಂದಲೇ ಪ್ರಾರ್ಥನೆ ಮುಂದುವರಿಸಿದರು. ಪೆಟ್ಟಿಗೆ ಇಳಿಯತೊಡಗಿತು. ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು, ನಗುತ್ತಲೇ ಕರ್ಚೀಫು ಹುಡುಕಿದರು. ಹೆಂಡತಿ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಬಗ್ಗಿದಳು.

“ಹೋದ್ಲು ಕಣ್ರೀ,” ಎಂದಳು ಕೆಳಕ್ಕೆ. “ಒಂಚೂರೂ ಜರ್ಕ್ ಇಲ್ಲ.”

ಗುಂಡಿ ತೋಡಿದವನು ಟೋಪಿ ತೆಗೆದು, ತನ್ನ ಮೂಗಿನ ಮಟ್ಟಕ್ಕೆ ಏರಿ ಬಂದ ಮಣ್ಣು ಮೆತ್ತಿದ ಎರಡು ಬೂಟುಗಳನ್ನೇ ನೋಡುತ್ತ ನಿಂತಿದ್ದ.