ಸ್ವಿಚ್ಚಿನ ಮೇಲಿನ ಟವೆಲ್

ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಕರೆಂಟು ಹೋದಾಗ ಯಾರಾದರೂ ಮಗ್ಗದ ಕೆಳಗೆ ತೂರಿ ಕಡಿದ ಎಳೆ ಕಟ್ಟುವುದಾದರೆ, ಮೊದಲು ಮೇನ್ ಸ್ವಿಚ್ ಇಳಿಸಿ ಅದರ ಮೇಲೆ ತಮ್ಮ ಟವೆಲ್ ಹಾಕಬೇಕು. ಹಾಕಿದವರೇ ತೆಗೆಯಬೇಕು. ಉಳಿದವರು ಮುಟ್ಟುವಂತಿಲ್ಲ.

ಬೈರೇಶ್ ಕೆಲಸಕ್ಕೆ ಸೇರಿದ ಮೇಲೆ ಅದು ನಿಂತುಹೋಯಿತು. ಅವನು ದಡ್ಡನಲ್ಲ. ಸದ್ದು ಕೇಳಿಯೇ ಯಾವ ಮಗ್ಗ ಕೆಟ್ಟಿದೆ ಎಂದು ಹೇಳುತ್ತಿದ್ದ. ಎಲ್ಲರ ಮಕ್ಕಳ ಹೆಸರೂ ಅವನಿಗೆ ಗೊತ್ತಿತ್ತು. ನನ್ನ ಗಂಡ ತೀರಿಕೊಂಡ ದಿನ, ಅಳದೆ ಕೂತಿದ್ದ ನನಗೆ ಕಾಫಿ ತಂದುಕೊಟ್ಟವನೂ ಅವನೇ. ಈಗ ಗಂಡನ ಮಗ್ಗವನ್ನು ನಾನು ನೋಡಿಕೊಳ್ಳುತ್ತೇನೆ.

“ಟವೆಲ್ಲು ಮುಖ ಒರೆಸ್ಕೊಳ್ಳಕ್ಕೆ ಕಣ್ರೋ. ಸ್ವಿಚ್ಚಿಗೇನು ಸ್ನಾನ ಮಾಡ್ಸಿದ್ದೀರಾ?” ಎಂದ. ಎಲ್ಲರೂ ನಕ್ಕರು. “ಕರೆಂಟು ಬಂದಾಗ ಮೇನ್ ಎತ್ತೋ ಮುಂಚೆ ನಾನು ಒಂದ್ಸಲ ಕೂಗ್ತೀನಿ. ಆಚೆ ಬಂದ್ಬಿಡಿ, ಅಷ್ಟೇ.”

“ಪಕ್ಕದ ಶೆಡ್ಡುಗಳು ಶುರುವಾದ್ರೆ ಕೂಗಿದ್ದು ಕೇಳ್ಸಲ್ಲ,” ಎಂದೆ. “ಯಾರಿಗಾದ್ರೂ ಏನಾದ್ರೂ ಆದ್ರೆ?”

ನಗು ನಿಂತಿತು. ಶಿಲ್ಪ ತಾಳಿಯನ್ನು ರವಿಕೆಯೊಳಗೆ ಸೇರಿಸಿಕೊಂಡಳು. ಅವಳ ಗಂಡ ಅಶೋಕ್ ತಲೆ ತಗ್ಗಿಸಿ, “ನಿಮ್ಮ ಬಾಯಲ್ಲಿ ಇಂಥ ಮಾತು ಬ್ಯಾಡ ಅಕ್ಕ,” ಎಂದ.

ಅಂದಿನಿಂದ ನಾನು ಹೇಳಿದ್ದೆಲ್ಲ ಅಪಶಕುನ. ಎಂ.ಎಸ್ಸಿ. ಓದಿದವಳೆಂದು ಮೊದಲು ನನ್ನನ್ನು ಕೇಳುತ್ತಿದ್ದವರು ಈಗ ಬೈರೇಶನ ಮುಖ ನೋಡುತ್ತಿದ್ದರು.

ಗುರುವಾರ ಬೆಳಿಗ್ಗೆ ಕರೆಂಟು ಹೋಯಿತು. ಬೈರೇಶ್ ಮೇನ್ ಇಳಿಸಿ, ಬಾಗಿಲಲ್ಲಿ ನಿಂತು ಹಾಡು ಗುನುಗುತ್ತಿದ್ದ. ಶಿಲ್ಪ ಕೊನೆಯ ಮಗ್ಗದ ಕೆಳಗೆ ತೂರಿದಳು. ಆಚೆ ನಲ್ಲಿಯ ಹತ್ತಿರ, ಅವಳಂತೆಯೇ ಹಳದಿ ಸೀರೆ ಉಟ್ಟ ಹೆಂಗಸೊಬ್ಬಳು ನಮಗೆ ಬೆನ್ನು ಹಾಕಿ ಬಿಂದಿಗೆ ತುಂಬಿಸುತ್ತಿದ್ದಳು.

ಕರೆಂಟು ಬಂತು. ಬೀದಿಯ ಶೆಡ್ಡುಗಳೆಲ್ಲ ಒಟ್ಟಿಗೆ ಗುಡುಗತೊಡಗಿದವು. ಬೈರೇಶ್ ಕೂಗಿದ. ಅವನ ಬಾಯಿ ತೆರೆದದ್ದು ಮಾತ್ರ ಕಂಡಿತು.

ಅವನು ಮೇನ್ ಎತ್ತಲು ಕೈ ಚಾಚುವಷ್ಟರಲ್ಲಿ ನಾನು ಓಡಿಹೋಗಿ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಅದುಮಿ ಹಿಡಿದೆ.

“ಶಿಲ್ಪ ಒಳಗಿದ್ದಾಳೆ,” ಎಂದು ಕಿರುಚಿದೆ.

“ನೀರು ಹಿಡೀತಾವ್ಳೆ ಬಿಡಕ್ಕ. ನಾನೇ ನೋಡ್ದೆ.” ಬೈರೇಶ್ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ. ದನಿಯಲ್ಲಿ ಕನಿಕರವಿತ್ತು.

ನಾನು ಅಶೋಕನ ಕಡೆ ತಿರುಗಿದೆ. ಕೊನೆಯ ಮಗ್ಗ ದೂರವಿರಲಿಲ್ಲ. ಬಗ್ಗಿದ್ದರೆ ಹೆಂಡತಿಯ ಪಾದ ಕಾಣುತ್ತಿತ್ತು. ಅವನು ಬೈರೇಶನ ಮುಖ ನೋಡಿದ.

ಹತ್ತಿರ ಬಂದು, “ಪಾಪ, ಅಕ್ಕಂಗೆ ಹುಷಾರಿಲ್ಲ,” ಎಂದ.

ನನ್ನ ಬೆರಳುಗಳನ್ನು ಹಿಡಿಯಿಂದ ಬಿಡಿಸತೊಡಗಿದ. ಒಂದೊಂದಾಗಿ, ನೋಯದ ಹಾಗೆ.