ಚಂದ್ರ್ಯಾನ ಗಂಟೆ

ಆ ವರ್ಷ ಮಾನ್ವಿಯಲ್ಲಿ ಬಲಿತ ಟಗರಿಗೆ ಇನ್ನೂರು ರೂಪಾಯಿ, ಸೇಂದಿ ಸೀಸೆಗೆ ಎಂಟಾಣೆ. ಮತ್ತಿನ ಪುಡಿ ಕಲೆಸಿದ ಸೇಂದಿಗೆ ಬಿದ್ದವನಿಗೆ ಸೀಸೆಯ ಲೆಕ್ಕವೊಂದೇ ನೆನಪಿರುತ್ತದೆ ಎಂಬುದು ಮಾರೆಮ್ಮನಿಗೆ ಗೊತ್ತಿತ್ತು. ಆದರೂ ಗಂಟೆ ಕಟ್ಟಿಕೊಂಡು ಮಂದೆಯ ಮುಂದೆ ನಡೆಯುವ ಚಂದ್ರ್ಯಾ ಮಾರುವ ಟಗರು ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಪೋತ್ನಾಳದ ಹಳ್ಳದ ಬಳಿ ಕುರಿಗಳು ನಿಂತುಬಿಟ್ಟಿದ್ದವು. ಇವತ್ತು ರಾತ್ರಿ ಆಚೆ ಮಲ್ಲಟದ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ತರುಬಿ ನಿಲ್ಲಿಸಿದರೆ ಕೂಲಿಯಾಗಿ ಜೋಳ ಸಿಗುತ್ತದೆ, ಇಲ್ಲವಾದರೆ ಇಲ್ಲ. ಕತ್ತಲಿರುವಾಗಲೇ ಹೊರಟಿದ್ದರು. ಗಂಟೆಯ ಸದ್ದು ಮುಂದೆ ಕೇಳುತ್ತಲೇ ಇತ್ತು. ಚಂದ್ರ್ಯಾ ಮುಂದಿದ್ದಾನೆಂದು ಮಾರೆಮ್ಮ ಹಿಂದುಳಿದ ಮರಿಗಳನ್ನು ಹೊಡೆದುಕೊಂಡು ನೆಮ್ಮದಿಯಿಂದ ಬಂದಿದ್ದಳು. ಅವನು ನೀರಿಗೆ ಇಳಿದರೆ ಉಳಿದವೂ ಇಳಿಯುತ್ತವೆ. ಈಗ ಮುಂದೆ ಬಂದು ನೋಡಿದರೆ ಗಂಟೆ ಇದ್ದದ್ದು ಒಂದು ಎಳೆ ಟಗರಿನ ಕೊರಳಲ್ಲಿ. ರೂಢಿಯಿಲ್ಲದ ಭಾರಕ್ಕೆ ಅದು ತಲೆ ಕೊಡವುತ್ತಿತ್ತು.

"ಚಂದ್ರ್ಯಾ ಎಲ್ಲಿ?"

"ಕುಂಟಾಕತ್ತಿತ್ತು. ತಾಯಣ್ಣನ ಮಂದ್ಯಾಗ ಬಿಟ್ಟೀನಿ," ಎಂದ ಗಂಡ ಕನಕರಾಯ.

"ಮತ್ತ ಗಂಟಿ ಯಾಕ ಬಿಚ್ಚಿದಿ?"

"ನಿನಗ ಗಾಬರಿ ಆಗಬಾರದಂತ."

ಮಾರೆಮ್ಮ ಅವನ ಕೈ ನೋಡಿದಳು. ನಿನ್ನೆ ಬೆಳಿಗ್ಗೆ ಸೇಂದಿಯಿಲ್ಲದೆ ಚಹಾದ ಬಟ್ಟಲು ಹಿಡಿಯಲಾಗದೆ ನಡುಗಿದ ಕೈ ಇವತ್ತು ಕೋಲಿನ ಮೇಲೆ ಕಲ್ಲಿನಂತೆ ಕೂತಿತ್ತು.

"ಕುಡದು ಬಂದಿ."

ಕನಕರಾಯ ದಂಡೆಯ ಮೇಲೆ ಕೂತ. ತಾಯಿ ಸತ್ತ ಚಂದ್ರ್ಯಾನನ್ನು ಮಡಿಲಲ್ಲಿಟ್ಟುಕೊಂಡು ಮೇಕೆಹಾಲು ಕುಡಿಸಿ ಬೆಳೆಸಿದವನು ಅವನೇ. 'ನನ್ಹಂಗ ತಬ್ಬಲಿ ಅದ' ಎನ್ನುತ್ತಿದ್ದ. ದೀಪಾವಳಿಯಂದು ಸೇಂದಿ ಬಿಡುತ್ತೇನೆಂದು ಆಣೆ ಮಾಡಿದ್ದೂ ಅದರ ತಲೆ ಮುಟ್ಟಿಯೇ. ದೇವರ ಆಣೆ, ಹೆಂಡತಿಯ ಆಣೆ ಎಲ್ಲ ಅವನು ಮುರಿದ ಮೇಲೂ ಮಾರೆಮ್ಮ ಆ ಒಂದು ಆಣೆಯನ್ನು ನಂಬಿದ್ದಳು.

"ಹಗ್ಗ ಸೈತ ಹಾಕಲಿಲ್ಲ ಬೇ," ಎಂದು ಅತ್ತ. "ಕಟುಗರ ಖಾಸಿಂ ಸಾಬನ ಅಂಗಡಿತನಕ ನನ್ನ ಹಿಂದಹಿಂದ ಬಂತು. ನೀನೂ ಬಿಟ್ರ ನನಗ ಯಾರದಾರ?"

ಕಣ್ಣೊರೆಸಿಕೊಂಡು ನೀರಿಗಿಳಿದ. "ತಡಿ, ನಾ ಕರೀತೀನಿ," ಎಂದು ನಾಲಗೆ ಲೊಚಗುಟ್ಟಿದ. ಕುರಿಗಳು ಕಿವಿ ನಿಮಿರಿಸಿದವು.

"ಕರಿಬ್ಯಾಡ," ಎಂದಳು ಮಾರೆಮ್ಮ. "ಅದೂ ಹಿಂಗ ಕರದ್ರ ಬಂದಿತ್ತು."

ಅವಳು ಒಂದು ಎಳೆಮರಿಯನ್ನು ಹೆಗಲಿಗೇರಿಸಿಕೊಂಡು ಹಳ್ಳಕ್ಕಿಳಿದಳು. ಮರಿ ಅರಚಿತು. ಅದರ ತಾಯಿ ಒದರುತ್ತ ಹಿಂದೆ ಇಳಿಯಿತು. ಅದರ ಹಿಂದೆ ಇನ್ನೊಂದು, ಆಮೇಲೆ ಮಂದೆಯೆಲ್ಲ. ಆಚೆ ದಂಡೆಯಲ್ಲಿ ಅವಳು ಎಳೆ ಟಗರನ್ನು ಹಿಡಿದು ಗಂಟೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು.

"ನಾ ಬರಲ್ಯಾ?" ಎಂದು ಕನಕರಾಯ ಕೇಳಿದ.

ಅವಳು ಮರಿಯನ್ನು ಕೆಳಗಿಳಿಸಿ ತಾಯಿಯ ಕೆಚ್ಚಲಿಗೆ ಬಿಟ್ಟಳು. ಮಂದೆ ದಾಟಿತ್ತು. ಚಂದ್ರ್ಯಾ ಹೋಗಿದ್ದ. ಕನಕರಾಯ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದ.