ಎನೊ ಸರ್ಪೊಮಾಳ ಎಡಗೈ

ಬಿಳಿ ಬಣ್ಣದ ಡಬ್ಬದಲ್ಲಿ ಒಂದು ನೊಣ ಬಿದ್ದು ಒದ್ದಾಡುತ್ತಿದೆ, ಒದ್ದಾಡಲಿ, ಕುಮಾಸಿ ಮಾರುಕಟ್ಟೆಯ ಈ ಗೋಡೆಗೆ ಅದೂ ಮೆತ್ತಿಕೊಳ್ಳಲಿ, ಏಣಿಯ ಮೇಲೆ ನಿಂತ ದ್ವೊಮೊನ ಮೂಗಿನ ನೇರಕ್ಕೆ ತೀರಿಹೋದ ಎನೊ ಸರ್ಪೊಮಾಳ ಕೈ, ಎನೊ ಅಂದರೆ ಅಮ್ಮ, ಮಾರುಕಟ್ಟೆಯೇ ಹಾಗೆ ಕರೆಯುತ್ತಿತ್ತು, ಅವನೇ ಬರೆದ ಎಡಗೈ, ಅಂಗೈಯಲ್ಲಿ ಒಂದು ಟೊಮೇಟೊ, ಬರುವವರಿಗೆಲ್ಲ ಚಾಚಿದ್ದು — ಅದನ್ನು ಅಳಿಸಿ ಬಲಗೈ ಬರೆಯಬೇಕಂತೆ. ಕೆಳಗೆ ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿ ಒಪೊಂಗ್, ಏನ್ ಮಾಸ್ತರೇ, ಟೊಮೇಟೊ ಮಾರೋರಿಗೆಲ್ಲ ಒಡತಿ ಆಗಿದ್ದೋಳು ಊರಿಗೆಲ್ಲ ಎಡಗೈಲಿ ಕೊಡ್ತಾಳಾ, ನಿಮ್ಮಮ್ಮ ನಿಮಗೆ ಹಂಗೇ ಬಡಿಸ್ತಿದ್ಲಾ, ಸುತ್ತ ನಗು, ನಗಲಿ, ಮೂವತ್ತು ವರ್ಷ ಆ ಎಡಗೈಯಿಂದಲೇ ತೆಗೆದುಕೊಂಡವರು ಇವರು, ಲಾರಿಯ ಬಾಗಿಲು ಜಜ್ಜಿದ ಮೇಲೆ ಅವಳ ಬಲಗೈ ಬೆರಳು ಮಡಚಲೇ ಇಲ್ಲ, ಪ್ರತಿ ಸಲವೂ, ಎಡಗೈ ಕಣಪ್ಪ, ತಪ್ಪು ತಿಳೀಬೇಡ, ಎನ್ನುತ್ತ ಒಂದು ಹೆಚ್ಚಿಗೆ ಹಾಕುತ್ತಿದ್ದಳು, ಆ ಹೆಚ್ಚಿನದನ್ನು ಒಬ್ಬನಾದರೂ ಬೇಡ ಎಂದನೇ, ಈ ಒಪೊಂಗ್ ಎಂದನೇ.

ದ್ವೊಮೊ ಎಷ್ಟು ಮುಖ ಬರೆದ, ಎಷ್ಟು ಸುಳ್ಳು — ಶವಸಂಸ್ಕಾರದ ಪಟಗಳಲ್ಲಿ ಮುದುಕಿಯರಿಗೆ ಹಲ್ಲು ಕೊಟ್ಟ, ವೃತ್ತದ ಫಲಕದಲ್ಲಿ ನಿಂತ ಮಂತ್ರಿಯ ಹೊಟ್ಟೆ ಕರಗಿಸಿದ, ನಮ್ಮೆಜಮಾನ್ರನ್ನ ಸ್ವಲ್ಪ ಬೆಳ್ಳಗೆ ಮಾಡಿ ಮಾಸ್ತರೇ, ಮಾಡಿದ, ಕೆನ್ನೆ ಮೇಲಿನ ಗಾಯ ಬೇಡ, ತೆಗೆದ, ಮೂವತ್ತೊಂದು ವರ್ಷದ ಕಸುಬಿನಲ್ಲಿ ತಿದ್ದದೆ ಬರೆದದ್ದು ಇದೊಂದು, ಇದನ್ನೇ ಅಳಿಸು ಅನ್ನುತ್ತಾರೆ, ಅಳಿಸುವುದಿಲ್ಲ, ಒಪೊಂಗನ ತಲೆಯ ಮೇಲೆ ಡಬ್ಬ ಬೋರಲು ಹಾಕಿ ಹೋಗುತ್ತೇನೆ ಎಂದುಕೊಂಡೇ ಬೆಳಿಗ್ಗೆ ಬಂದಿದ್ದ, ಏಣಿಯ ಬುಡದಲ್ಲಿ ಸರ್ಪೊಮಾಳ ಮಗಳು ಬಿರಾಗೊ ಕಾಯುತ್ತಿದ್ದಳು, ಅಳಿಸಿಬಿಡು ಮಾವ. ನೀನೂನಾ? ಇರೋದನ್ನೇ ಬರ್ದಿದೀನಲ್ಲೇ. ಗೊತ್ತು ಮಾವ, ಅಮ್ಮ ಬದುಕಿರೋವರೆಗೂ ಆ ಕೈಗೋಸ್ಕರ ಕ್ಷಮೆ ಕೇಳಿದ್ಲು, ಗೋಡೆ ಮೇಲೂ ಕೇಳ್ತಾನೇ ನಿಲ್ಲಬೇಕಾ?

ಕ್ಷಮೆಯನ್ನು ಬರೆದಿಲ್ಲವಲ್ಲ, ಕೈಯನ್ನು ಬರೆದೆ, ಎನ್ನಬೇಕಿತ್ತು, ಆಗ ಹೊಳೆಯಲಿಲ್ಲ, ಹೊಳೆದಿದ್ದರೂ ಆ ಹುಡುಗಿಗೆ ಹೇಳುವ ಮಾತಲ್ಲ, ಒಪೊಂಗನನ್ನು ಬೈಯುವುದು ಸುಲಭ, ಇವಳನ್ನು ಹೇಗೆ ಬೈಯಲಿ, ಬಲಗೈಯಲ್ಲೇ ಬ್ರಶ್ ಅದ್ದಿದ, ನೊಣವೂ ಬಂತು, ಮೊಣಕೈ ಹೋಯಿತು, ಮಣಿಕಟ್ಟು ಹೋಯಿತು, ಇನ್ನು ಬಲಗೈ ಬರೆಯಬೇಕು, ಚೆನ್ನಾಗಿ ಮಡಚುವ ಬೆರಳುಗಳದ್ದು, ಯಾರದ್ದೋ, ಬರೆಯಬಲ್ಲ, ಅದರಲ್ಲೇ ಹೆಸರು ಮಾಡಿದವನು, ಹೆಬ್ಬೆರಳು ಹೋಯಿತು, ಕಿರುಬೆರಳು, ಕೆಳಗಿಂದ ಒಪೊಂಗ್, ಆಯ್ತಾ ಮಾಸ್ತರೇ, ಆಯಿತು — ಸುತ್ತಲೂ ಬಿಳಿ, ನಡುವೆ ಆ ಟೊಮೇಟೊ, ಕೆಂಪಗೆ, ಹಿಡಿದ ಕೈಯಿಲ್ಲದೆ, ಇನ್ನೂ ಚಾಚಿಕೊಂಡೇ